ಕೊಡದವ್ವ ಯಾವ ಕಲ್ಲಿನವಳು

ನಮ್ಮೂರಿನಲ್ಲಿ ಕಲ್ಲಿನ ವಿಗ್ರಹ ಎತ್ತುವುದಕ್ಕೆ ತೋಳಬಲ ಬೇಕಿಲ್ಲ. ಅದು ಯಾವ ಕಲ್ಲು, ಯಾವ ಗುಡ್ಡದ್ದು ಅನ್ನುವುದು ಗೊತ್ತಿದ್ದರೆ ಸಾಕು. ಮೈಮೇಲೆ ಕೈಯಿಟ್ಟು ಇಂಥ ಗುಡ್ಡದ ಇಂಥ ಕಲ್ಲು ಎಂದು ಸರಿಯಾಗಿ ಹೇಳಿದರೆ ಅದು ಹತ್ತಿ ತುಂಬಿದ ದಿಂಬಿನಷ್ಟು ಹಗುರಾಗುತ್ತದೆ, ಕೆಳಗಿಟ್ಟು ಕೈ ಬಿಡುವವರೆಗೂ ಹಾಗೆಯೇ ಇರುತ್ತದೆ. ಯುಗಾದಿಯ ಹಿಂದಿನ ದಿನ ನಮ್ಮ ಹೆಂಗಸರು ಕಲ್ಲಾನೆ, ಕಲ್ಲುಬಸವ, ವೀರಗಲ್ಲು ಎಲ್ಲವನ್ನೂ ಕಂಕುಳಲ್ಲಿಟ್ಟುಕೊಂಡು ತೊಳೆಯಲು ಹಳ್ಳಕ್ಕೆ ಹೊರಟರೆ ಹೊರಗಿನಿಂದ ಬಂದವರು ಬಾಯಿ ತೆರೆದು ನಿಂತುಬಿಡುತ್ತಾರೆ. ನಮಗೆ ಅದು ಬಟ್ಟೆ ಒಗೆಯಲು ಹೋದಷ್ಟೇ. ಹೆಸರು ತಪ್ಪಿದರೆ ಮಾತ್ರ ಫಜೀತಿ, ಕಲ್ಲು ಇದ್ದದ್ದಕ್ಕಿಂತ ಭಾರವಾಗಿಬಿಡುತ್ತದೆ. ನನ್ನ ಗಂಡ ಹೊಸ ಅಳಿಯನಾಗಿ ಬಂದಾಗ ಜಂಬ ತೋರಿಸಲು ಹೋಗಿ ನಮ್ಮ ಹಿತ್ತಲ ಸಿಂಹಕ್ಕೆ ಬೇರೆ ಗುಡ್ಡದ ಹೆಸರು ಹೇಳಿದ್ದರು. ಅದು ಅಲ್ಲೇ ನೆಲಕ್ಕಿಳಿಯಿತು. ಈಗ ತಲೆಯೊಂದೇ ಕಾಣುತ್ತದೆ, ಅದರ ಮೇಲೆ ನಾವು ಸಂಡಿಗೆ ಒಣಗಿಸುತ್ತೇವೆ.

ಈ ಹೆಸರುಗಳನ್ನೆಲ್ಲ ಬಾಯಲ್ಲಿ ಇಟ್ಟುಕೊಂಡವರು ಸಾಂತಯ್ಯಜ್ಜನ ಮನೆಯವರು. ನಾನೂರ ಹನ್ನೆರಡು ವಿಗ್ರಹಗಳ ಕಲ್ಲು, ಗುಡ್ಡ ಎರಡನ್ನೂ ಎಂಬತ್ತು ದಾಟಿದ ಅಜ್ಜ ಒಂದೇ ಉಸಿರಿಗೆ ಎಂಬಂತೆ ಹೇಳುತ್ತಿದ್ದ. ನಾನು ನೀಲವ್ವ, ಪುರಸಭೆಯ ಹಿಂದಿನ ಕೋಣೆಯಲ್ಲಿ ಕಲ್ಲು ಪರೀಕ್ಷೆ ಮಾಡುವವಳು. ಪೇಟೆಯಲ್ಲಿ ಓದಿ, ಒಂದು ಸೂಕ್ಷ್ಮದರ್ಶಕ ಹೊತ್ತು ತಂದವಳು ನಾನೇ. ಊರವರು ಅದನ್ನು ನೀಲವ್ವನ ದುರ್ಬೀನು ಎನ್ನುತ್ತಿದ್ದರು, ಒಳಗೊಳಗೇ ನಗುತ್ತಿದ್ದರು. ನಗುವುದು ತಪ್ಪೂ ಅಲ್ಲ. ಅಜ್ಜ ಬಾಯಿ ಬಿಟ್ಟರೆ ಎದ್ದು ಬರುವ ಕಲ್ಲನ್ನು ನಾನು ಎರಡು ದಿನ ತೇಯ್ದು, ಬೆಳಕಿಗೆ ಹಿಡಿದು, ಕೊನೆಗೆ ಅಜ್ಜ ಹೇಳಿದ್ದನ್ನೇ ಬರೆದಿಡುತ್ತಿದ್ದೆ. ಒಂಬತ್ತು ವರ್ಷದಲ್ಲಿ ಒಮ್ಮೆಯೂ ನಾನು ಅವನಿಗಿಂತ ಹೆಚ್ಚಿನದೇನನ್ನೂ ಹೇಳಿರಲಿಲ್ಲ. ಅದರ ಸಿಟ್ಟು ನನಗೆ ಇದ್ದೇ ಇತ್ತು, ಮುಚ್ಚಿಡುವುದೇನು ಬಂತು.

ಆ ಸೋಮವಾರ ಬೆಳಿಗ್ಗೆ ಕೊಡದವ್ವ ಬಿದ್ದಳು. ಪಿಂಜಾರ ಓಣಿಯ ತಿರುವಿನಲ್ಲಿ, ಸೊಂಟದ ಮೇಲೆ ಕೊಡ ಇಟ್ಟುಕೊಂಡು ನಿಂತ ಒಂಬತ್ತಡಿಯ ಹೆಣ್ಣು ಅವಳು. ಎಷ್ಟು ಹಳಬಳೋ ಯಾರಿಗೂ ಗೊತ್ತಿಲ್ಲ. ಪುರಸಭೆಯವರು ಗಟಾರಕ್ಕೆಂದು ಅವಳ ಕಟ್ಟೆಯ ಬುಡದಲ್ಲೇ ಅಗೆದಿದ್ದರು, ಕಟ್ಟೆ ಕುಸಿಯಿತು. ಅವಳು ನೆಲಕ್ಕೆ ಬೀಳದೆ ಎದುರಿನ ಪೀರಾಂಬಿಯ ಮನೆಯ ಮುಂಗೋಡೆಗೆ ಒರಗಿ, ಬಾಗಿಲಿಗೆ ಅಡ್ಡಲಾಗಿ ನಿಂತಳು. ಒಳಗೆ ಪೀರಾಂಬಿ ಒಬ್ಬಳೇ ಇದ್ದಳು.

ಪೀರಾಂಬಿ ಕೌದಿ ಹೊಲಿಯುವವಳು. ಹಳೆಯ ಸೀರೆ, ಹರಿದ ಧೋತರ, ಯಾರ್ಯಾರದೋ ಅಂಗಿ ಎಲ್ಲವನ್ನೂ ಪದರಪದರವಾಗಿ ಹಾಸಿ ದಬ್ಬಣದಿಂದ ಹೊಲಿದುಬಿಟ್ಟರೆ ಮೂವತ್ತು ವರ್ಷ ಬಾಳುತ್ತದೆ. ಊರಿನ ಯಾವ ಕೂಸೂ ಅವಳ ಕೌದಿಯಲ್ಲಿ ಮಲಗದೆ ಬೆಳೆದದ್ದಿಲ್ಲ, ನಾನೂ ಸೇರಿದಂತೆ. ಅವಳ ಮನೆಯ ಹಿಂಬದಿ ದೊಡ್ಡ ಬಂಡೆ, ಆಚೀಚೆ ಬೇರೆ ಮನೆಗಳ ದಪ್ಪ ಗೋಡೆ. ಮುಂಗೋಡೆಯಲ್ಲಿ ಒಂದು ಬಾಗಿಲು, ಸರಳು ಹಾಕಿದ ಒಂದು ಕಿಟಕಿ. ಮಣ್ಣು ಮುಚ್ಚಿದ ಮಾಳಿಗೆಯ ತೊಲೆಗಳೆಲ್ಲ ಊರಿದ್ದು ಅದೇ ಮುಂಗೋಡೆಯ ಮೇಲೆ. ಮಾಳಿಗೆ ಒಡೆದರೂ, ಕಿಟಕಿಯ ಸರಳು ಕೊಯ್ದರೂ, ವಿಗ್ರಹಕ್ಕೆ ಸುತ್ತಿಗೆ ಹಾಕಿದರೂ ಗೋಡೆ ಕುಸಿದು ಮಾಳಿಗೆ ಅವಳ ಮೇಲೆ ಬರುತ್ತದೆ ಎಂದು ಎಂಜಿನಿಯರ್ ವಿರೂಪಾಕ್ಷ ಸಾಹೇಬರು ಮೊದಲೇ ಹೇಳಿಬಿಟ್ಟರು. ಕೊಡದವ್ವನನ್ನು ಮೆಲ್ಲಗೆ, ಒಂದಿಷ್ಟೂ ಅಲುಗಿಸದೆ ಎತ್ತಬೇಕು. ಬೇರೆ ದಾರಿಯೇ ಇರಲಿಲ್ಲ.

ಅದರಲ್ಲೇನು ಕಷ್ಟ ಎಂದು ಊರಿಗೆ ಊರೇ ಸಾಂತಯ್ಯಜ್ಜನ ದಾರಿ ನೋಡಿತು. ಅಜ್ಜ ಶುಭ್ರವಾದ ರುಮಾಲು ಸುತ್ತಿಕೊಂಡು ಬಂದ. ಕೊಡದವ್ವನ ಬೆನ್ನ ಮೇಲೆ ಕೈಯಿಟ್ಟು, ತನ್ನ ಅಪ್ಪ ಅಜ್ಜ ಹೇಳಿಕೊಟ್ಟಂತೆ, ಹಂದಿಗುಡ್ಡದ ಬಳಪದ ಕಲ್ಲು ಎಂದ. ಏನೂ ಆಗಲಿಲ್ಲ. ಇನ್ನೊಮ್ಮೆ ಜೋರಾಗಿ ಹೇಳಿದ. ಗೋಡೆಯೊಳಗೆ ಏನೋ ಕರಕರ ಎಂದಿತು. ಮೂರನೆಯ ಸಲ ಹೇಳುತ್ತಿದ್ದಂತೆ ಬಾಗಿಲ ಮೇಲಿನಿಂದ ಮಾಳಿಗೆಯವರೆಗೂ ಬಿರುಕು ಓಡಿತು. ಒಳಗಿನಿಂದ ಪೀರಾಂಬಿ, ಯಾರದು, ಪುಣ್ಯಾತ್ಮರೆ, ಬಾಯಿ ಮುಚ್ಚಿಕೊಳ್ಳಿ ಎಂದು ಕೂಗಿದಳು.

ಅಜ್ಜನ ಮುಖ ನೋಡಲಾಗಲಿಲ್ಲ. ಅವನ ಮನೆತನದ ಬಾಯಲ್ಲಿ ಒಂದು ಹೆಸರು ತಪ್ಪಿದ್ದು ಯಾರಿಗೂ ನೆನಪಿರಲಿಲ್ಲ. ಆದರೆ ಆಮೇಲೆ ಯೋಚಿಸಿದರೆ ಕಾರಣ ಹೊಳೆಯುತ್ತದೆ. ಉಳಿದ ವಿಗ್ರಹಗಳೆಲ್ಲ ವರ್ಷಕ್ಕೊಮ್ಮೆ ಹಳ್ಳಕ್ಕೆ ಹೋಗಿ ಬರುತ್ತವೆ. ಕೊಡದವ್ವ ಓಣಿಗೇ ಅವ್ವನಾದ್ದರಿಂದ ಅವಳನ್ನು ನಿಂತಲ್ಲೇ ತೊಳೆಯುವ ವಾಡಿಕೆ. ಅವಳ ಹೆಸರನ್ನು ನೂರಾರು ವರ್ಷ ಬಾಯಿಂದ ಬಾಯಿಗೆ ದಾಟಿಸಿದ್ದರೇ ಹೊರತು ಎತ್ತಿ ನೋಡಿದವರು ಒಬ್ಬರೂ ಇರಲಿಲ್ಲ.

ಆಗ ನನ್ನನ್ನು ಕರೆದರು. ನಾನು ಸಂಭ್ರಮದಿಂದಲೇ ಹೋದೆ, ಸುಳ್ಳು ಹೇಳುವುದಿಲ್ಲ. ಹೋಗುವಾಗ ನನ್ನ ಹಳೆಯ ವರದಿ ತೆಗೆದು ನೋಡಿದೆ. ಆರು ವರ್ಷದ ಹಿಂದೆ ನಾನೇ ಬರೆದಿದ್ದೆ, ಕೊಡದವ್ವ ಬಳಪದ ಕಲ್ಲು ಎಂದು. ಆದರೂ ಮತ್ತೆ ಉಗುರಿನಿಂದ ಗೀರಿದೆ. ಬೆಳ್ಳಗೆ ಪುಡಿ ಉದುರಿತು, ಬೆರಳಿಗೆ ಸಾಬೂನಿನಂತೆ ನುಣುಪಾಗಿ ಹತ್ತಿತು. ಪುಡಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಬಳಪವೇ. ಅಂದರೆ ಕಲ್ಲಿನ ಹೆಸರು ಸರಿಯಿದೆ, ತಪ್ಪಿದ್ದು ಗುಡ್ಡದ ಹೆಸರು ಎಂದು ಲೆಕ್ಕ ಹಾಕಿದೆ. ಪುಡಿಯ ಬಣ್ಣ ತುಸು ಹಸಿರಿತ್ತು, ನರಿಬಾವಿ ಗುಡ್ಡದ ಬಳಪ ಹಾಗಿರುತ್ತದೆ. ಜನರ ನಡುವೆ ನಿಂತು, ಅಜ್ಜನತ್ತ ಒಮ್ಮೆ ನೋಡಿ, ನರಿಬಾವಿ ಗುಡ್ಡದ ಬಳಪದ ಕಲ್ಲು ಎಂದೆ. ಕೊಡದವ್ವ ಎರಡು ಬೆರಳು ಕೆಳಗೆ ಜಾರಿದಳು. ಬಾಗಿಲಿನ ಚೌಕಟ್ಟು ಸೀಳಿತು.

ಅಂದಿನಿಂದ ವಿರೂಪಾಕ್ಷ ಸಾಹೇಬರು ಆ ಓಣಿಯಲ್ಲಿ ಕಲ್ಲಿನ ಹೆಸರು ಎತ್ತುವುದನ್ನೇ ನಿಷೇಧಿಸಿದರು. ಪಕ್ಕದ ಊರಿನಿಂದ ಕ್ರೇನ್ ತರಿಸಿದ್ದೂ ಆಯಿತು. ತಪ್ಪು ಹೆಸರು ಹೇಳಿಸಿಕೊಂಡ ಕಲ್ಲಿಗೆ ಕ್ರೇನ್ ಯಾವ ಲೆಕ್ಕ, ಸರಪಳಿ ಬಿಗಿಯಾಗುತ್ತಿದ್ದಂತೆಯೇ ತುಂಡಾಯಿತು. ಸಾಹೇಬರು ಬಿರುಕಿನ ಮೇಲೆ ಅಡ್ಡಡ್ಡ ಕಾಗದದ ಪಟ್ಟಿ ಅಂಟಿಸಿದರು. ಬಿರುಕು ಅಗಲವಾದರೆ ಪಟ್ಟಿ ಹರಿಯುತ್ತದೆ. ಮಂಗಳವಾರ ಒಂದು ಹರಿಯಿತು. ಬುಧವಾರ ಎರಡು. ಹೀಗೇ ಹೋದರೆ ಗೋಡೆ ಶನಿವಾರದಾಚೆ ನಿಲ್ಲುವುದಿಲ್ಲ ಎಂದು ಅವರು ಹೇಳಿದರು. ಕಿಟಕಿಯಲ್ಲಿ ಪೀರಾಂಬಿಗೆ ರೊಟ್ಟಿ, ನೀರು ಕೊಡುತ್ತಿದ್ದವರು ಯಾರೂ ಅದನ್ನು ಅವಳಿಗೆ ಹೇಳಲಿಲ್ಲ. ಆದರೆ ಮೇಲಿನಿಂದ ಮಣ್ಣು ಉದುರುವುದು ಅವಳ ತಲೆಯ ಮೇಲೆ ತಾನೆ. ಅವಳು ಅರ್ಧ ಹೊಲಿದ ಕೌದಿಯನ್ನು ಕಿಟಕಿಯ ಹತ್ತಿರ ಎಳೆದುಕೊಂಡು ಹೊಲಿಯುತ್ತಲೇ ಇದ್ದಳು.

ಬುಧವಾರ ಮಧ್ಯಾಹ್ನ ನಾನು ಕಿಟಕಿಯ ಹತ್ತಿರ ಹೋಗಿ ನಿಂತೆ. ನನ್ನ ಜಂಬದಿಂದ ನಿನ್ನ ಚೌಕಟ್ಟು ಸೀಳಿತು, ತಪ್ಪಾಯಿತು ಎಂದೆ. ಅಳು ಬಂತು. ಪೀರಾಂಬಿ ಮುರಿದ ದಬ್ಬಣವೊಂದನ್ನು ಸರಳಿನ ಸಂದಿಯಿಂದ ಹೊರಗೆ ಚಾಚಿದಳು.

"ನೀಲವ್ವಾ, ನೀ ಕೌದಿ ಮ್ಯಾಲಿನ ಅರಿವಿ ನೋಡಿ ಒಳಗಿನ ಅರಿವಿ ಹೆಸರು ಹೇಳಾಕ ಹೊಂಟೀಯವ್ವ," ಎಂದಳು. "ಆಕಿ ಮೊಣಕೈ ನನ್ನ ಕಿಟಕ್ಯಾಗ ಐತಿ. ಹೊತ್ತು ಹೋಗವಲ್ದು ಅಂತ ದಬ್ಬಣ ಚುಚ್ಚಿ ನೋಡಿದೆ. ಒಂದು ಬೆರಳಗಲ ಒಳಗ ಹೊಕ್ತು, ಆಮ್ಯಾಲೆ ಟಕ್ ಅಂತ ನಿಂತು ಮುರೀತು. ಮ್ಯಾಲ ಮೆತ್ತಗ, ಒಳಗ ಬ್ಯಾರೇನೋ ಐತಿ."

ಒಂಬತ್ತು ವರ್ಷ ಕಲ್ಲು ಪರೀಕ್ಷೆ ಮಾಡಿದ ನಾನು ಕೊಡದವ್ವನ ಮೈಯ ಪುಡಿ ನೋಡಿದ್ದೆನೇ ಹೊರತು ಅವಳ ಒಳಗೆ ಇಣುಕಿರಲಿಲ್ಲ. ಕೋಣೆಗೆ ಓಡಿ, ಕೈಯಿಂದ ತಿರುವುವ ಸಣ್ಣ ಬೈರಿಗೆ ತಂದೆ. ಪೆನ್ಸಿಲ್ ದಪ್ಪದ ಟೊಳ್ಳು ಕೊಳವೆ ಅದು, ತುದಿಯಲ್ಲಿ ವಜ್ರದ ಹರಳು. ನೀರು ಹನಿಸುತ್ತ ಮೆಲ್ಲಗೆ ತಿರುವಿದರೆ ಅಲುಗಾಟವಿಲ್ಲದೆ ಕಲ್ಲಿನ ಒಂದು ಕಡ್ಡಿಯನ್ನು ಹೊರತೆಗೆಯುತ್ತದೆ.

ಸಾಂತಯ್ಯಜ್ಜ ಕೈ ಅಗಲಿಸಿ ಅಡ್ಡ ನಿಂತ. ನಾನೂರ ಹನ್ನೆರಡು ವಿಗ್ರಹಗಳಲ್ಲಿ ಒಂದಕ್ಕೂ ಕಡೆದು ನಿಲ್ಲಿಸಿದ ಮೇಲೆ ಉಕ್ಕು ತಾಗಿಲ್ಲ, ತಾನು ಬದುಕಿರುವಾಗ ತಾಗಬಾರದು ಎಂದ. ಹೆಸರು ಮರೆತ ಪಾಪ ತನ್ನದು, ಅದಕ್ಕೆ ಅವ್ವನಿಗೆ ಯಾಕೆ ಶಿಕ್ಷೆ ಎಂದ.

"ನಮ್ಮವ್ವನ ಮೈಗೆ ತೂತು ಹಾಕಾಕ ನಾ ಬಿಡಂಗಿಲ್ಲ."

ನನಗೂ ಸಿಟ್ಟು ನೆತ್ತಿಗೇರಿತ್ತು. "ಹಂಗಾರ ಒಳಗ ಕುಂತಾಕಿ ಯಾರವ್ವ, ಅಜ್ಜಾ?" ಎಂದೆ.

ಅಜ್ಜ ಕಿಟಕಿಯತ್ತ ನೋಡಿದ. ಅವನ ಆರು ಮಕ್ಕಳೂ ಹದಿನಾಲ್ಕು ಮೊಮ್ಮಕ್ಕಳೂ ಮಲಗಿದ್ದು ಅವಳ ಕೌದಿಯಲ್ಲೇ. ಕೈ ಕೆಳಗಿಳಿಸಿದ. ತಾನೇ ಮುಂದೆ ಹೋಗಿ ಕೊಡದವ್ವನ ಮೈಯೆಲ್ಲ ತಡವಿ, ಸೊಂಟದ ಮೇಲಿನ ಕೊಡದ ತಳದಲ್ಲಿ, ಯಾರ ಕಣ್ಣಿಗೂ ಬೀಳದ ಒಂದು ಜಾಗದ ಮೇಲೆ ಬೆರಳಿಟ್ಟು ತೋರಿಸಿದ. ನಾನು ಬೈರಿಗೆ ತಿರುವಿದಷ್ಟು ಹೊತ್ತೂ ನೀರು ಹನಿಸಿದವನು ಅವನೇ. ಹೊರಗೆ ಬಂದದ್ದು ಬೆರಳುದ್ದದ ಕಡ್ಡಿ. ಅದರ ಮೇಲ್ತುದಿ ಬೆಳ್ಳಗೆ, ಕೆಳಗಿನದೆಲ್ಲ ಕಾಡಿಗೆಯಷ್ಟು ಕಪ್ಪು.

ಕಲ್ಲನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕಾದರೆ ಅದರ ಬಿಲ್ಲೆಯೊಂದನ್ನು ಗಾಜಿಗೆ ಅಂಟಿಸಿ, ಕೂದಲಿಗಿಂತ ತೆಳ್ಳಗಾಗಿ ಬೆಳಕು ಹಾಯುವವರೆಗೂ ತೇಯಬೇಕು. ಅವಸರ ಮಾಡಿದರೆ ಒಡೆಯುತ್ತದೆ. ಗುರುವಾರ ಇಡೀ ತೇಯ್ದೆ. ಒಂದು ಬಿಲ್ಲೆ ಒಡೆಯಿತು, ಇನ್ನೊಂದಕ್ಕೆ ಕೂತೆ. ಶುಕ್ರವಾರ ಬಿಸಿಲು ಏರಿದಾಗ ಸೂಕ್ಷ್ಮದರ್ಶಕದ ಕನ್ನಡಿಯನ್ನು ಸೂರ್ಯನ ಕಡೆ ತಿರುಗಿಸಿ ಕಣ್ಣಿಟ್ಟೆ. ಕೆಳಗಿನ ಕಪ್ಪು ಭಾಗದಲ್ಲಿ ಬಿಳಿಯ ಉದ್ದುದ್ದ ಹರಳುಗಳು ಚೆಲ್ಲಾಪಿಲ್ಲಿ ಬಿದ್ದಿದ್ದವು, ನಡುವೆ ಕಂದು ಕಾಳುಗಳು. ಬಳಪವಲ್ಲ, ಕರಿಕಲ್ಲು. ಉಳಿ ಹಾಕಿದವನ ರಟ್ಟೆ ಬೀಳಿಸುವ ಗಟ್ಟಿ ಕಲ್ಲು. ನಮ್ಮ ಸೀಮೆಯಲ್ಲಿ ಕರಿಕಲ್ಲಿನ ಗುಡ್ಡ ಮೂರು. ಮೂರರ ಬಿಲ್ಲೆಗಳೂ ನನ್ನ ಪೆಟ್ಟಿಗೆಯಲ್ಲಿದ್ದವು. ಒಂದೊಂದನ್ನೇ ಪಕ್ಕದಲ್ಲಿಟ್ಟು ನೋಡಿದೆ. ತುಕ್ಕಿನ ಬಣ್ಣದಲ್ಲಿ ಸೀಳುಬಿಟ್ಟ ಸಣ್ಣ ಹಸಿರು ಕಾಳು ಕೊಡದವ್ವನಲ್ಲೂ ಇತ್ತು, ಕಾಗಿಗುಡ್ಡದ ಬಿಲ್ಲೆಯಲ್ಲೂ ಇತ್ತು, ಉಳಿದೆರಡರಲ್ಲಿ ಇರಲಿಲ್ಲ. ಹನ್ನೊಂದು ಸಲ ನೋಡಿದೆ. ಮೊದಲ ಸಲವೇ ಸರಿಯಾಗಿತ್ತು, ಆದರೆ ಚೌಕಟ್ಟು ಸೀಳಿದ ಸದ್ದು ನನ್ನನ್ನು ಬಿಡಲಿಲ್ಲ.

ಮೇಲಿನ ಬೆಳ್ಳನೆಯ ಭಾಗ ಇನ್ನೂ ವಿಚಿತ್ರವಾಗಿತ್ತು. ಅದು ಒಂದು ಕಲ್ಲಾಗಿರಲಿಲ್ಲ. ಎಳೆಎಳೆಯಾದ ಪದರ, ನಡುನಡುವೆ ಎಣ್ಣೆಜಿಡ್ಡಿನ ಕಪ್ಪು ಗೆರೆ. ಎಣಿಸಲು ಹೋಗಿ ಮುನ್ನೂರ ಇಪ್ಪತ್ತಕ್ಕೆ ಕಣ್ಣು ಸೋತಿತು. ಪ್ರತಿ ಪದರವೂ ಬಳಪದ ಪುಡಿ, ಆದರೆ ಒಂದರಲ್ಲಿ ಹಸಿರು, ಒಂದರಲ್ಲಿ ಬೂದು, ಒಂದರಲ್ಲಿ ಹಾಲುಬಿಳಿ. ಏಳೆಂಟು ಗುಡ್ಡದ ಬಳಪ ಹೀಗೆ ವರ್ಷಕ್ಕೊಂದು ಎಳೆಯಾಗಿ ಯಾಕೆ ಕೂತಿತು ಎಂದು ತಲೆ ಕೆರೆದುಕೊಂಡೆ. ಆಮೇಲೆ ನನ್ನ ಬಲಗೈಯನ್ನೇ ನೋಡಿಕೊಂಡಾಗ ನಗು ಬಂತು. ಶಾಲೆಗೆ ಸೇರಿಸುವ ದಿನ ನಮ್ಮೂರಿನ ಪ್ರತಿ ಮಗುವನ್ನೂ ಕೊಡದವ್ವನ ಹತ್ತಿರ ಕರೆದೊಯ್ಯುತ್ತಾರೆ. ಪಾಟಿಯ ಮೇಲೆ ಬರೆಯುವ ಮೊದಲು ಹೊಸ ಬಳಪವನ್ನು ಅವಳ ಮೈಗೆ ತಿಕ್ಕಿಸುತ್ತಾರೆ, ಆಮೇಲೆ ತಾಯಂದಿರು ಎಣ್ಣೆ ಸವರುತ್ತಾರೆ. ಎಷ್ಟು ಎತ್ತರಕ್ಕೆ ತಿಕ್ಕಿದರೆ ಅಷ್ಟು ವಿದ್ಯೆ ಎಂದು ಅಪ್ಪಂದಿರು ಮಕ್ಕಳನ್ನು ಹೆಗಲ ಮೇಲೆ ನಿಲ್ಲಿಸಿಕೊಳ್ಳುತ್ತಾರೆ. ನಾನು ತಿಕ್ಕಿದ್ದು ಅವಳ ಕಿವಿಗೆ. ಕರಿಕಲ್ಲಿನ ಹೆಣ್ಣಿಗೆ ನಾವೇ ಬಳಪದ ಮೈ ಕೊಟ್ಟು, ಆಮೇಲೆ ಅದನ್ನೇ ಗೀರಿ ನೋಡಿ ಇವಳು ಬಳಪದವಳು ಎಂದು ತೀರ್ಮಾನ ಮಾಡಿಕೊಂಡಿದ್ದೆವು.

ಸಾಂತಯ್ಯಜ್ಜನನ್ನು ಕರೆಸಿದೆ. ಅವನು ಒಂದು ಕಣ್ಣು ಮುಚ್ಚಿ ಸೂಕ್ಷ್ಮದರ್ಶಕಕ್ಕೆ ಬಗ್ಗಿದವನು ಏಳಲೇ ಇಲ್ಲ. ಬಿಸಿಲು ಸರಿದಂತೆ ನಾನು ಕನ್ನಡಿ ತಿರುಗಿಸಿ ಕೊಡುತ್ತಿದ್ದೆ, ಅವನು ನೋಡುತ್ತಿದ್ದ. ಕೊನೆಗೆ ಕಣ್ಣೊರೆಸಿಕೊಂಡು, ಇಷ್ಟು ಬಣ್ಣ ಕಲ್ಲಿನೊಳಗೆ ಇರುವುದನ್ನು ಎಂಬತ್ತು ವರ್ಷದಲ್ಲಿ ತನಗೆ ಯಾರೂ ಹೇಳಲಿಲ್ಲವಲ್ಲ ಎಂದ. ಅವತ್ತಿನಿಂದ ನನಗೆ ಅವನ ಮೇಲೆ ಸಿಟ್ಟು ಉಳಿಯಲಿಲ್ಲ.

ಶನಿವಾರ ಬೆಳಿಗ್ಗೆ ಒಂದೇ ಹೊತ್ತಿನಲ್ಲಿ ಐದು ಪಟ್ಟಿ ಹರಿದಿದ್ದವು. ಹನ್ನೆರಡು ಜನ ಹಗ್ಗ ಹಿಡಿದು ನಿಂತರು. ವಿರೂಪಾಕ್ಷ ಸಾಹೇಬರು ನನ್ನನ್ನು ಪಕ್ಕಕ್ಕೆ ಕರೆದು, ಇನ್ನೊಂದು ಸಲ ಹೆಸರು ತಪ್ಪಿದರೆ ಗೋಡೆ ನಿಲ್ಲುವುದಿಲ್ಲ, ನಿಮಗೆ ಖಾತ್ರಿ ಉಂಟೇ ಎಂದು ಕೇಳಿದರು. ಕರಿಕಲ್ಲಿನ ಮಟ್ಟಿಗೆ ಉಂಟು ಎಂದೆ. ಕಿಟಕಿಯಿಂದ ಪೀರಾಂಬಿ ನನ್ನನ್ನೇ ನೋಡುತ್ತಿದ್ದಳು. ಒಳಗೆ ಕಂಡದ್ದನ್ನೇ ಹೇಳು, ಊಹೆ ಮಾಡಬೇಡ ಎಂದಳು, ಅಷ್ಟೇ.

ಕೊಡದವ್ವನ ಬೆನ್ನಿಗೆ ಕೈಯಿಟ್ಟು, ಕಾಗಿಗುಡ್ಡದ ಕರಿಕಲ್ಲು ಎಂದೆ.

ನನ್ನ ಅಂಗೈಯ ಕೆಳಗೆ ಅವಳು ಉಸಿರು ಬಿಟ್ಟಂತಾಯಿತು. ಗೋಡೆಯಿಂದ ಒಂದು ನಿಟ್ಟುಸಿರಿನ ಸದ್ದು, ಬಿರುಕು ಒಂದು ಕೂದಲೆಳೆ ಮುಚ್ಚಿಕೊಂಡಿತು. ಜನ ಹೋ ಎಂದರು. ಹಗ್ಗ ಹಿಡಿದವರು ಎಳೆಯಲು ನೋಡಿದರು, ಸಾಹೇಬರು ಗದರಿಸಿ ನಿಲ್ಲಿಸಿದರು. ಅವಳು ಹಗುರಾಗಿದ್ದಳು ನಿಜ, ಆದರೆ ಇನ್ನೂ ತುಂಬಿದ ಚಕ್ಕಡಿ ಗಾಡಿಯಷ್ಟು ಭಾರವಿದ್ದಳು. ಈಗ ಎಳೆದರೆ ಗೋಡೆಯನ್ನು ಉಜ್ಜಿಕೊಂಡೇ ಬರುತ್ತಿದ್ದಳು. ಅವಳ ಮೈಮೇಲಿನ ಬಳಪದ ಹೆಸರು ಬಾಕಿಯಿತ್ತು. ಅದು ಏಳೆಂಟು ಗುಡ್ಡದ್ದು, ಮುನ್ನೂರು ವರ್ಷದ ಅಂಗಡಿಗಳಿಂದ ಬಂದದ್ದು. ಯಾವ ಗುಡ್ಡದ ಹೆಸರು ಹೇಳುವುದು? ಒಂದು ಬಿಟ್ಟರೂ ತಪ್ಪೇ, ಒಂದು ಹೆಚ್ಚಾದರೂ ತಪ್ಪೇ. ಪರೀಕ್ಷೆಯಲ್ಲಿ ನನಗೆ ಕಂಡದ್ದು ಅಲ್ಲಿಗೇ ಮುಗಿದಿತ್ತು. ಎಲ್ಲರ ಎದುರು, ನನಗೆ ಇಷ್ಟೇ ಗೊತ್ತು, ಇನ್ನು ಗೊತ್ತಿಲ್ಲ ಎಂದೆ. ಹಾಗೆ ಹೇಳುವುದು ನಾನು ಅಂದುಕೊಂಡಷ್ಟು ಕಷ್ಟವಾಗಲಿಲ್ಲ.

ಸಾಂತಯ್ಯಜ್ಜ ಕೋಲೂರಿಕೊಂಡು ಮುಂದೆ ಬಂದ. ಸಾಹೇಬರು ತಡೆಯಲು ಹೋದರು, ನಾನು ಬೇಡ ಎಂದೆ. ಅಜ್ಜ ನನ್ನ ಕೈಯ ಪಕ್ಕದಲ್ಲೇ ತನ್ನ ಕೈಯಿಟ್ಟ. ಅವಳ ಮೊಣಕಾಲನ್ನು ತೋರಿಸಿ, ಇಲ್ಲಿ ನಾನು ತಿಕ್ಕಿದ್ದು, ನನ್ನಪ್ಪ ಗಿಡ್ಡ ಇದ್ದ ಎಂದ. ಯಾರೋ ನಕ್ಕರು. ಆಮೇಲೆ ಅವನು ಆ ಹಳೆಯ ರಾಗದ ಧ್ವನಿಯಲ್ಲಿ, ನಾನೂರ ಹನ್ನೆರಡು ಹೆಸರು ಹೇಳಿ ಪಳಗಿದ ಧ್ವನಿಯಲ್ಲಿ ಹೇಳಿದ.

"ಮ್ಯಾಲಿಂದು ಬಳಪ. ನಮ್ಮೂರ ಮಕ್ಕಳ ಕೈಯಾಂದು."

ಹಗ್ಗ ಹಿಡಿದಿದ್ದ ಹನ್ನೆರಡು ಜನ ಒಟ್ಟಿಗೆ ಹಿಂದಕ್ಕೆ ಕುಕ್ಕರಿಸಿದರು. ಕೊಡದವ್ವ ಗೋಡೆಯಿಂದ ತಾನಾಗಿ ಎದ್ದು ಬಂದವಳಂತೆ ನನ್ನ ಮತ್ತು ಅಜ್ಜನ ಅಂಗೈಗಳ ಮೇಲೆ ನಿಂತಿದ್ದಳು. ಒಂಬತ್ತಡಿಯ ಹೆಣ್ಣು, ಒಗೆದು ಒಣಗಿದ ಸೀರೆಯಷ್ಟೂ ಭಾರವಿಲ್ಲ. ಅಜ್ಜ ನನ್ನ ಮುಖ ನೋಡಿದ, ನಾನು ಅಜ್ಜನ ಮುಖ ನೋಡಿದೆ. ಇಬ್ಬರಿಗೂ ಅಳುವುದೋ ನಗುವುದೋ ತಿಳಿಯಲಿಲ್ಲ, ಎರಡನ್ನೂ ಮಾಡಿದೆವು. ಓಣಿಯ ತುಂಬ ಕೂಗು, ಸಿಳ್ಳೆ. ಯಾರೋ ಹೆಂಗಸು ಜೋರಾಗಿ, ನಾನು ಆಕಿ ಭುಜಕ್ಕ ತಿಕ್ಕಿದ್ದೆ ಎನ್ನುತ್ತಿದ್ದಳು. ಇನ್ನೊಬ್ಬರು ಹಣೆ ಎಂದರು, ಮತ್ತೊಬ್ಬರು ಕೊಡದ ಬಾಯಿ ಎಂದರು. ಊರಿನವರೆಲ್ಲ ತಂತಮ್ಮ ಜಾಗ ಹುಡುಕತೊಡಗಿದರು.

ಬಾಗಿಲು ಕಿರ್ ಎಂದು ತೆರೆಯಿತು. ಪೀರಾಂಬಿ ಹೊಲಿದು ಮುಗಿಸಿದ ಕೌದಿಯನ್ನು ಹೆಗಲಿಗೆ ಹಾಕಿಕೊಂಡು, ತಲೆಯ ಮೇಲೆಲ್ಲ ಮಣ್ಣು ಸುರಿಸಿಕೊಂಡು ಹೊರಗೆ ಬಂದಳು. ಐದು ಹೆಜ್ಜೆ ನಡೆದಿರಬೇಕು, ಹಿಂದೆ ಗೋಡೆ ಕುಸಿಯಿತು. ಮಾಳಿಗೆ ಅದರ ಮೇಲೆ ಕೂತಿತು. ಧೂಳು ಓಣಿಯುದ್ದ ಹಬ್ಬಿತು, ಎಲ್ಲರೂ ಕೆಮ್ಮಿದೆವು. ಪೀರಾಂಬಿ ತಿರುಗಿ ನೋಡಿ, ಬೀಳಲಿ ಬಿಡಿ, ಸೋರುತ್ತಿತ್ತು, ಇನ್ನು ಪುರಸಭೆಯವರೇ ಕಟ್ಟಿಸಿಕೊಡುತ್ತಾರೆ ಎಂದಳು. ವಿರೂಪಾಕ್ಷ ಸಾಹೇಬರು ತಲೆಯಾಡಿಸಿದರು, ಇಲ್ಲ ಎನ್ನುವ ಧೈರ್ಯ ಅವರಿಗೆಲ್ಲಿತ್ತು.

ಅವಳು ನೇರ ನಮ್ಮ ಹತ್ತಿರ ಬಂದು ಕೊಡದವ್ವನನ್ನು ಮೇಲಿಂದ ಕೆಳಗೆ ನೋಡಿದಳು. ಮುರಿದ ದಬ್ಬಣದ ತುದಿ ಇನ್ನೂ ಮೊಣಕೈಯಲ್ಲಿ ಸಿಕ್ಕಿಕೊಂಡಿತ್ತು. ಅದನ್ನು ಹಾಗೇ ಬಿಟ್ಟಳು. ನಮ್ಮಿಬ್ಬರ ಕೈಯಿಂದ ಕೊಡದವ್ವನನ್ನು ಬಿಡಿಸಿಕೊಂಡು, ಸೆರಗು ಸಿಕ್ಕಿಸಿ, ಕೂಸನ್ನು ಎತ್ತಿಕೊಳ್ಳುವ ಹಾಗೆ ಸೊಂಟದ ಮೇಲೆ ಇಟ್ಟುಕೊಂಡಳು. ಕೊಡದವ್ವನ ತಲೆ ಮಾಳಿಗೆಗಳಿಗಿಂತ ಎತ್ತರದಲ್ಲಿತ್ತು.

"ಆರು ದಿನ ನನ್ನ ಬಾಗಲಾ ಕಾದಾಳ," ಎಂದಳು. "ಇವತ್ತು ಊರು ತೋರಿಸ್ಕೊಂಡು ಬರ್ತೀನಿ. ಸಾಹೇಬ್ರ, ಗಟಾರ ಇಲ್ಲದ ಜಾಗ ನೋಡಿ ಹೇಳ್ರಿ. ಅಲ್ಲೀತನಕ ನಾ ಕೆಳಗ ಇಳಸಂಗಿಲ್ಲ."

ಹಾಗೆ ಹೇಳಿ ನಡೆದೇಬಿಟ್ಟಳು. ಮುಂದೆ ಮುಂದೆ ಸಾಹೇಬರು ನೆಲ ನೋಡುತ್ತ ಓಡುತ್ತಿದ್ದರು, ಹಿಂದೆ ನಾನು ಮತ್ತು ಸಾಂತಯ್ಯಜ್ಜ, ನಮ್ಮ ಹಿಂದೆ ಊರು. ಪಿಂಜಾರ ಓಣಿ ದಾಟಿ, ಸಂತೆಬಯಲು ದಾಟಿ, ಪುರಸಭೆಯ ಮುಂದೆ ಎರಡು ಸಲ ಸುತ್ತು ಹಾಕಿದಳು. ಸಾಹೇಬರು ತೋರಿಸಿದ ಒಂದು ಜಾಗವೂ ಅವಳ ಮನಸ್ಸಿಗೆ ಬರಲಿಲ್ಲ. ಅವಳಿಗೆ ಅವಸರವೂ ಇರಲಿಲ್ಲ. ಆ ದಿನ ಸಂಜೆಯವರೆಗೂ ಪೀರಾಂಬಿ ಕೊಡದವ್ವನನ್ನು ಸೊಂಟದಿಂದ ಇಳಿಸಲೇ ಇಲ್ಲ.